ನಿಯಮ ಪುಸ್ತಕ ಓದಿ ಕಟ್ಟಿದ ಕಾರು: ಸ್ಕೈಲೈನ್ ಜಿಟಿ-ಆರ್ ಕಥೆ

ಪ್ರಶ್ನೆ: ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿ. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಅಂದರೆ ನನಗೆ ಪ್ರಾಣ. ಆದರೆ ಆರ್32, ಆರ್33, ಆರ್34, ಎನ್1, ವಿ-ಸ್ಪೆಕ್, ನಿಸ್ಮೋ, ಎಲ್‌ಎಂ ಅಂತ ಇರುವ ಹೆಸರುಗಳಲ್ಲಿ ಯಾವುದು ನಿಜವಾಗಿ ರೇಸಿಗೆ ಹೋಗಿತ್ತು, ಯಾವುದು ಬರೀ ಹೆಸರು ಅಂತ ತಿಳಿಯುತ್ತಿಲ್ಲ. ಇಂಜಿನ್ 2 ಲೀಟರೂ ಅಲ್ಲ, 3 ಲೀಟರೂ ಅಲ್ಲ, 2.6 ಲೀಟರ್ ಯಾಕೆ? ಇಂಥ ಹಳೇ ಕಾರೊಂದನ್ನು ನಮ್ಮ ದೇಶಕ್ಕೆ ತರಿಸಿಕೊಳ್ಳಬಹುದೇ?

ಉತ್ತರ: ಮೊದಲು 2.6 ಲೀಟರಿನ ಪ್ರಶ್ನೆಯನ್ನೇ ಹಿಡಿಯೋಣ. ಅದು ಗೊತ್ತಾದರೆ ಉಳಿದ ಹೆಸರುಗಳೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಆರ್32, ಆರ್33, ಆರ್34 ಅನ್ನುವವು ಒಂದರ ನಂತರ ಒಂದು ಬಂದ ಪೀಳಿಗೆಗಳ ಹೆಸರು. 1989ರ ಆಗಸ್ಟ್‌ನಲ್ಲಿ ಬಂದ ಆರ್32 ಜಿಟಿ-ಆರ್‌ನ ಇಂಜಿನ್ ಕರಾರುವಾಕ್ಕಾಗಿ 2568 ಸಿಸಿ. ಜಪಾನಿನಲ್ಲಿ ಕಾರಿನ ವಾರ್ಷಿಕ ತೆರಿಗೆ 500 ಸಿಸಿಯ ಮೆಟ್ಟಿಲುಗಳಲ್ಲಿ ಏರುತ್ತದೆ. 2500 ಸಿಸಿ ದಾಟಿದರೆ ಮುಂದಿನ ಮೆಟ್ಟಿಲು. ಅಂದರೆ ಬರೀ 68 ಸಿಸಿಗಾಗಿ ಗಿರಾಕಿ ಪ್ರತಿ ವರ್ಷ ಜಾಸ್ತಿ ತೆರಿಗೆ ಕಟ್ಟಬೇಕು. ವ್ಯಾಪಾರದ ದೃಷ್ಟಿಯಿಂದ ಯಾರೂ ಮಾಡದ ಕೆಲಸ ಇದು. ಹಾಗಾದರೆ ಯಾಕೆ ಮಾಡಿದರು? ರೇಸಿಗಾಗಿ.

ಆಗ ಟೂರಿಂಗ್ ಕಾರ್ ರೇಸುಗಳು, ಅಂದರೆ ರಸ್ತೆ ಕಾರುಗಳನ್ನು ಮಾರ್ಪಡಿಸಿ ಓಡಿಸುವ ರೇಸುಗಳು, ನಡೆಯುತ್ತಿದ್ದದ್ದು ಗ್ರೂಪ್ ಎ ನಿಯಮದಲ್ಲಿ. ಆ ನಿಯಮದ ಪ್ರಕಾರ ಟರ್ಬೊ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ಇಂಜಿನ್ನಿನ ಸಿಸಿಯನ್ನು 1.7ರಿಂದ ಗುಣಿಸಬೇಕು. ಬಂದ ಉತ್ತರ ನೋಡಿ ಕಾರಿಗೆ ಕನಿಷ್ಠ ತೂಕ ಎಷ್ಟು, ಟೈರ್ ಎಷ್ಟು ಅಗಲ ಇರಬಹುದು ಅಂತ ನಿಗದಿ ಮಾಡುತ್ತಿದ್ದರು. ನಿಸ್ಸಾನ್ ಇಂಜಿನಿಯರುಗಳು ಮೊದಲು ಯೋಚಿಸಿದ್ದು 2350 ಸಿಸಿ ಇಂಜಿನ್. 1.7ರಿಂದ ಗುಣಿಸಿ ನೋಡಿ, 3995 ಬರುತ್ತದೆ. 4000 ಸಿಸಿ ವರ್ಗದೊಳಗೆ ಕೂದಲೆಳೆಯಷ್ಟು ಜಾಗ ಬಿಟ್ಟು ಕೂರುವ ಲೆಕ್ಕ. ಆದರೆ ಅಷ್ಟೊಂದು ಶಕ್ತಿಯನ್ನು ಬರೀ ಹಿಂದಿನ ಎರಡು ಚಕ್ರಗಳಿಗೆ ಕೊಟ್ಟರೆ ಅವು ನೆಲ ಹಿಡಿಯುವುದಿಲ್ಲ ಅಂತ ಗೊತ್ತಾಯಿತು. ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವ ವ್ಯವಸ್ಥೆ ಹಾಕಲೇಬೇಕಾಯಿತು. ಹಾಕಿದರೆ ಸುಮಾರು 100 ಕಿಲೋ ತೂಕ ಏರುತ್ತದೆ, 4000 ಸಿಸಿ ವರ್ಗದಲ್ಲಿ ಆ ತೂಕ ಹೊತ್ತುಕೊಂಡು ಗೆಲ್ಲುವುದು ಕಷ್ಟ. ಹಾಗಾಗಿ ಒಂದು ವರ್ಗ ಮೇಲಕ್ಕೆ ಹೋದರು. 2568 ಸಿಸಿಯನ್ನು 1.7ರಿಂದ ಗುಣಿಸಿದರೆ 4366. 4500 ಸಿಸಿ ವರ್ಗ. ಅಲ್ಲಿ ಇನ್ನೂ ಅಗಲದ ಟೈರ್ ಹಾಕಲು ಅನುಮತಿ ಇತ್ತು.

ರಸ್ತೆಯಲ್ಲಿ ಓಡುವ ಕಾರೊಂದರ ಇಂಜಿನ್ ಅಳತೆಯನ್ನೇ ರೇಸಿನ ನಿಯಮದಿಂದ ಹಿಮ್ಮುಖವಾಗಿ ಲೆಕ್ಕ ಹಾಕಿ ತೆಗೆದಿದ್ದಾರೆ ಅಂದರೆ, ಆ ಕಾರು ಯಾವುದಕ್ಕಾಗಿ ಹುಟ್ಟಿತು ಅನ್ನುವುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಜಿಟಿ-ಆರ್‌ನ ಜೀವ ಇರುವುದೇ ಇಲ್ಲಿ. ಕಂಪನಿ ನಿಯಮ ಓದಿ ಕಾರು ಕಟ್ಟಿದಾಗೆಲ್ಲ ಅದ್ಭುತವಾದ ಜಿಟಿ-ಆರ್ ಬಂದಿದೆ. ನಿಯಮ ಬದಲಾದಾಗೆಲ್ಲ ರೇಸ್ ಕಾರು ಮತ್ತು ರಸ್ತೆ ಕಾರಿನ ದಾರಿ ಬೇರೆಯಾಗಿದೆ.

ಈ ಅಭ್ಯಾಸ ಶುರುವಾಗಿದ್ದು ನಿಸ್ಸಾನ್‌ನಲ್ಲಿ ಅಲ್ಲ, ಪ್ರಿನ್ಸ್ ಅನ್ನುವ ಕಂಪನಿಯಲ್ಲಿ. ಸ್ಕೈಲೈನ್ ಮೂಲತಃ ಅವರ ಕಾರು, 1957ರಲ್ಲಿ ಬಂದ ಮನೆಮಂದಿಯ ಸೆಡಾನ್. 1964ರ ಎರಡನೇ ಜಪಾನ್ ಗ್ರ್ಯಾಂಡ್ ಪ್ರಿ ಸುಜುಕಾದಲ್ಲಿ ನಡೆಯುವುದಿತ್ತು. ಅಲ್ಲಿ ಗೆಲ್ಲಬೇಕು ಅಂತ ಪ್ರಿನ್ಸ್ ಇಂಜಿನಿಯರುಗಳು 1500 ಸಿಸಿ ಸ್ಕೈಲೈನ್‌ನ ಮೂತಿ ಕತ್ತರಿಸಿ, 200 ಮಿಲಿಮೀಟರ್ ಉದ್ದ ಮಾಡಿ, ತಮ್ಮದೇ ದೊಡ್ಡ ಕಾರಾದ ಗ್ಲೋರಿಯಾದ ಆರು ಸಿಲಿಂಡರ್, 2 ಲೀಟರ್ ಇಂಜಿನ್ ಇಳಿಸಿದರು. ಆ ವರ್ಗದ ರೇಸಿಗೆ ಕನಿಷ್ಠ 100 ಕಾರು ತಯಾರಾಗಿರಬೇಕು ಅನ್ನುವುದು ನಿಯಮ. 100 ಕಾರು ಕಟ್ಟಿದರು.

ಎಲ್ಲ ಸರಿಯಿದೆ ಅನ್ನುವಷ್ಟರಲ್ಲಿ ಒಂದು ಪೋರ್ಶೆ 904 ಬಂದು ನಿಂತಿತು. ಅದು ನಿಜವಾದ ರೇಸ್ ಕಾರು, ಇಂಜಿನ್ ಚಾಲಕನ ಬೆನ್ನ ಹಿಂದೆ. ಓಡಿಸಿದ್ದು ಸೊಕಿಚಿ ಶಿಕಿಬಾ. ಸೆಡಾನ್ ಒಂದು ಅದನ್ನು ಸೋಲಿಸುವ ಮಾತೇ ಇರಲಿಲ್ಲ, ಗೆದ್ದದ್ದೂ ಪೋರ್ಶೆಯೇ. ಆದರೆ ನಡುವೆ ಒಂದು ಸುತ್ತು, ಒಂದೇ ಒಂದು ಸುತ್ತು, ತೆತ್ಸು ಇಕುಜಾವಾ ಓಡಿಸುತ್ತಿದ್ದ ಸ್ಕೈಲೈನ್ ಪೋರ್ಶೆಯ ಮುಂದೆ ಬಂತು. ಜನ ಎದ್ದು ನಿಂತು ಕೂಗಿದರು. ಎರಡರಿಂದ ಆರನೇ ಸ್ಥಾನದವರೆಗೆ ಎಲ್ಲವೂ ಸ್ಕೈಲೈನ್. ಜಪಾನಿನ ಕಾರು ಪ್ರೇಮಿಗಳು ಆ ಒಂದು ಸುತ್ತನ್ನು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಗೆದ್ದ ರೇಸುಗಳಿಗಿಂತ ಅದೇ ಸೋಲು ಸ್ಕೈಲೈನ್ ಹೆಸರನ್ನು ಮನೆಮಾತು ಮಾಡಿತು.

ಆ ಸೋಲಿನ ಉತ್ತರವಾಗಿ ಪ್ರಿನ್ಸ್ ತನ್ನದೇ ರೇಸ್ ಕಾರು ಆರ್380 ಕಟ್ಟಿತು. 1966ರಲ್ಲಿ ಫುಜಿ ಟ್ರ್ಯಾಕ್‌ನಲ್ಲಿ ಯೋಶಿಕಾಜು ಸುನಾಕೊ ಅದನ್ನು ಓಡಿಸಿ ಜಪಾನ್ ಗ್ರ್ಯಾಂಡ್ ಪ್ರಿ ಗೆದ್ದರು. ಅದೇ ವರ್ಷ ಪ್ರಿನ್ಸ್ ಕಂಪನಿ ನಿಸ್ಸಾನ್ ಜೊತೆ ವಿಲೀನವಾಯಿತು. ಸ್ಕೈಲೈನ್‌ನ ಇಂಜಿನಿಯರ್ ಶಿನಿಚಿರೊ ಸಕುರಾಯ್ ಮತ್ತವರ ತಂಡ ಮಾತ್ರ ಸ್ಕೈಲೈನ್ ಕೈಬಿಡಲಿಲ್ಲ. ಆರ್380 ಇಂಜಿನ್ನಿನ ವಿನ್ಯಾಸವನ್ನೇ ರಸ್ತೆಗೆ ಒಗ್ಗಿಸಿ, 1989 ಸಿಸಿಯ ಎಸ್20 ಇಂಜಿನ್ ಮಾಡಿದರು. ಆರು ಸಿಲಿಂಡರ್, ಸಿಲಿಂಡರಿಗೆ ನಾಲ್ಕು ವಾಲ್ವ್, ಎರಡು ಕ್ಯಾಮ್‌ಶಾಫ್ಟ್, 160 ಅಶ್ವಶಕ್ತಿ. 1969ರ ಫೆಬ್ರವರಿಯಲ್ಲಿ ಅದನ್ನು ನಾಲ್ಕು ಬಾಗಿಲಿನ ಸ್ಕೈಲೈನ್‌ಗೆ ಹಾಕಿ ಜಿಟಿ-ಆರ್ ಅಂತ ಹೆಸರಿಟ್ಟರು. ಇದೇ ಮೊದಲ ಜಿಟಿ-ಆರ್. ಅಭಿಮಾನಿಗಳು ಕರೆಯುವುದು ಹಾಕೊಸುಕಾ ಅಂತ.

ಈ ಕಾರಿನ ಫೋಟೊ ಸಿಕ್ಕರೆ ಹಿಂದಿನ ಚಕ್ರದ ಮೇಲ್ಭಾಗ ಗಮನಿಸಿ. ಸಾಮಾನ್ಯ ಸ್ಕೈಲೈನ್‌ನಲ್ಲಿ ಬದಿಯ ತಗಡಿನ ಮೇಲೆ ಒಂದು ಉದ್ದನೆಯ ಮಡಿಕೆ ಗೆರೆ ಹಿಂದಿನ ಚಕ್ರದ ಮೇಲೆ ಹಾದು ಹೋಗುತ್ತದೆ. ಜಿಟಿ-ಆರ್‌ನಲ್ಲಿ ಆ ಗೆರೆ ಅರ್ಧಕ್ಕೇ ತುಂಡಾಗಿದೆ. ರೇಸಿನ ಅಗಲ ಟೈರ್ ಕೂರಲಿ ಅಂತ ಚಕ್ರದ ಕಮಾನನ್ನು ಮೇಲಕ್ಕೆ ಕತ್ತರಿಸಿಬಿಟ್ಟಿದ್ದಾರೆ. ಅಂದಕ್ಕಿಂತ ಟೈರ್ ಮುಖ್ಯ ಅಂತ ತಗಡೇ ಹೇಳುತ್ತದೆ ಅಲ್ವಾ? 1970ರಲ್ಲಿ ಎರಡು ಬಾಗಿಲಿನ ಹಾರ್ಡ್‌ಟಾಪ್ ಬಂತು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 70 ಮಿಲಿಮೀಟರ್ ಕಡಿಮೆ ಮಾಡಿದ್ದರಿಂದ ತಿರುವುಗಳಲ್ಲಿ ಇನ್ನೂ ಚುರುಕು.

ಮೊದಲ ರೇಸ್ 1969ರ ಮೇ ತಿಂಗಳಲ್ಲಿ, ಫುಜಿಯಲ್ಲಿ. ಗೆರೆ ಮೊದಲು ದಾಟಿದ್ದು ಟೊಯೋಟಾ 1600ಜಿಟಿ. ಅದಕ್ಕೆ ದಂಡ ಬಿದ್ದು ಗೆಲುವು ಜಿಟಿ-ಆರ್ ಪಾಲಾಯಿತು. ಆಮೇಲೆ ಯಾರ ದಂಡವೂ ಬೇಕಾಗಲಿಲ್ಲ. ಮೂರು ವರ್ಷ ತುಂಬುವ ಮೊದಲೇ 50 ಗೆಲುವು. ಐವತ್ತನೆಯದನ್ನು 1972ರ ಮಾರ್ಚ್‌ನಲ್ಲಿ ಕುನಿಮಿತ್ಸು ತಾಕಾಹಾಶಿ ತಂದುಕೊಟ್ಟರು. ಆದರೆ ಅಷ್ಟರಲ್ಲಿ ಮಜ್ದಾದ ರೋಟರಿ ಇಂಜಿನ್ ಕಾರುಗಳು ಮೈಮೇಲೆ ಬಂದಾಗಿತ್ತು. 1971ರ ಡಿಸೆಂಬರ್‌ನಲ್ಲೇ ಮಜ್ದಾ ಸವಾನಾ ಜಿಟಿ-ಆರ್‌ಗೆ ಸೋಲಿನ ರುಚಿ ತೋರಿಸಿತ್ತು.

ಎರಡನೇ ಜಿಟಿ-ಆರ್ 1973ರ ಜನವರಿಯಲ್ಲಿ ಬಂತು. ಹೊಗೆ ನಿಯಮ ಬಿಗಿಯಾಯಿತು, ತೈಲ ಬಿಕ್ಕಟ್ಟು ಎದುರಾಯಿತು, 197 ಕಾರು ತಯಾರಿಸಿ ನಿಲ್ಲಿಸಿದರು. ಒಂದೇ ಒಂದು ರೇಸನ್ನೂ ಓಡಲಿಲ್ಲ. ಅಪರೂಪದ್ದು ಅಂತ ಇವತ್ತು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರೆ. ನನಗೆ ಮಾತ್ರ ಅದು ತಾಲೀಮು ಮಾಡಿ ಅಖಾಡಕ್ಕೆ ಇಳಿಯದೇ ಹೋದ ಪೈಲ್ವಾನನ ಹಾಗೆ ಕಾಣುತ್ತದೆ.

ಅಲ್ಲಿಂದ 16 ವರ್ಷ ಜಿಟಿ-ಆರ್ ಹೆಸರೇ ಇಲ್ಲ. ಸ್ಕೈಲೈನ್ ರೇಸಿನಲ್ಲಿ ಇತ್ತು ನಿಜ. 80ರ ದಶಕದ ಆರಂಭದಲ್ಲಿ ಮಸಾಹಿರೊ ಹಸೆಮಿ ಓಡಿಸಿದ ಕೆಂಪು ಕಪ್ಪು ಬಣ್ಣದ, ಸೂಪರ್ ಸಿಲೂಯೆಟ್ ಅನ್ನುವ ರೇಸ್ ವರ್ಗದ ಸ್ಕೈಲೈನ್ ನೋಡಿ, ಎಕ್ಸಾಸ್ಟ್‌ನಿಂದ ಬೆಂಕಿ ಉಗುಳುತ್ತಾ ಹೋಗುವ ಕಾರು. 1987ರಲ್ಲಿ ಗ್ರೂಪ್ ಎಗಾಗಿಯೇ 800 ಕಾರುಗಳ ಸ್ಕೈಲೈನ್ ಜಿಟಿಎಸ್-ಆರ್ ಬಂತು, ದೊಡ್ಡ ಟರ್ಬೊ ಹಾಕಿಕೊಂಡು. ಹಸೆಮಿ ಅದರಲ್ಲಿ 1989ರ ಜಪಾನ್ ಚಾಂಪಿಯನ್ ಆದರು. ಆದರೂ ಆ ಕಾಲದ ರಾಜ ಫೋರ್ಡ್ ಸಿಯೆರಾ ಆರ್‌ಎಸ್500. ಅದನ್ನು ಬರೀ ಸೋಲಿಸಿದರೆ ಸಾಲದು, ಲೆಕ್ಕಕ್ಕೇ ಇಲ್ಲದ ಹಾಗೆ ಮಾಡಬೇಕು ಅನ್ನುವ ಹಟದಲ್ಲಿ ನಿಸ್ಸಾನ್ ಇಂಜಿನಿಯರ್ ನಾಗನೊರಿ ಇತೊ ಅವರ ತಂಡ ಆರ್32 ಕೈಗೆತ್ತಿಕೊಂಡಿತು.

ರಸ್ತೆಯ ಆರ್32ಗೆ 280 ಅಶ್ವಶಕ್ತಿ. ಆಗ ಜಪಾನಿನ ಕಂಪನಿಗಳು ಅದಕ್ಕಿಂತ ಜಾಸ್ತಿ ಘೋಷಿಸುವುದಿಲ್ಲ ಅಂತ ತಮ್ಮೊಳಗೇ ಒಪ್ಪಂದ ಮಾಡಿಕೊಂಡಿದ್ದವು. ಆದರೆ ಆ ಆರ್‌ಬಿ26ಡಿಇಟಿಟಿ ಇಂಜಿನ್ನಿನ ಎರಕ ಕಬ್ಬಿಣದ ಬ್ಲಾಕ್ ನೋಡಿದರೆ 280ಕ್ಕೆ ಇಷ್ಟು ದಪ್ಪ ಗೋಡೆ ಯಾಕೆ ಅನ್ನಿಸುತ್ತದೆ. ಗ್ರೂಪ್ ಎ ರೇಸಿನಲ್ಲಿ ಅದೇ ಇಂಜಿನ್ 550 ಅಶ್ವಶಕ್ತಿಗೂ ಮೇಲೆ ಕೊಡುತ್ತಿತ್ತು. ಸಿಲಿಂಡರಿಗೊಂದರಂತೆ ಆರು ಥ್ರಾಟಲ್, ಎರಡು ಟರ್ಬೊ, ಎಲ್ಲ ಮೊದಲ ದಿನದಿಂದ ರೇಸ್ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು.

ನಾಲ್ಕು ಚಕ್ರದ ವ್ಯವಸ್ಥೆ ನೀವು ಮೆಕ್ಯಾನಿಕಲ್ ಓದುವವರಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದರ ಹೆಸರು ಅಟ್ಟೇಸಾ ಇ-ಟಿಎಸ್. ಮಾಮೂಲಿಯಾಗಿ ಇದು ಹಿಂದಿನ ಚಕ್ರದ ಕಾರು. ಗೇರ್‌ಬಾಕ್ಸ್ ಹಿಂದೆ ಎಣ್ಣೆಯಲ್ಲಿ ಮುಳುಗಿರುವ ಪದರ ಪದರದ ಕ್ಲಚ್ ಒಂದಿದೆ. ಪ್ರತಿ ಚಕ್ರದ ವೇಗ, ಕಾರು ಮುಂದಕ್ಕೆ ಮತ್ತು ಪಕ್ಕಕ್ಕೆ ಎಷ್ಟು ಜೋರಾಗಿ ಎಳೆಯುತ್ತಿದೆ ಅನ್ನುವುದನ್ನು ಕಂಪ್ಯೂಟರ್ ನೋಡುತ್ತಲೇ ಇರುತ್ತದೆ. ಹಿಂದಿನ ಚಕ್ರ ಜಾರತೊಡಗಿದ ಕೂಡಲೇ ಹೈಡ್ರಾಲಿಕ್ ಒತ್ತಡದಿಂದ ಆ ಕ್ಲಚ್ ಬಿಗಿಯಾಗಿ, ಬೇಕಾದಷ್ಟು ಶಕ್ತಿ ಮುಂದಿನ ಚಕ್ರಕ್ಕೆ ಹೋಗುತ್ತದೆ. ಹೆಚ್ಚೆಂದರೆ ಅರ್ಧ. ಜಾರುವುದು ನಿಂತರೆ ಮತ್ತೆ ಹಿಂದಿನ ಚಕ್ರದ ಕಾರು. ಬೇರೆ ನಾಲ್ಕು ಚಕ್ರದ ಕಾರುಗಳು ತಿರುವಿನಲ್ಲಿ ಮೂತಿ ನೇರ ಹೋಗಿಬಿಡುವ ರೋಗದಿಂದ ನರಳುತ್ತಿದ್ದವು. ಇದು ತಿರುವಿಗೆ ಸಲೀಸಾಗಿ ಇಳಿದು, ಹೊರಬರುವಾಗ ನಾಲ್ಕೂ ಕಾಲಿನಲ್ಲಿ ನೆಲ ಒದ್ದು ಹೋಗುತ್ತಿತ್ತು. ಒದ್ದೆ ಟ್ರ್ಯಾಕ್‌ನಲ್ಲಂತೂ ಸಿಯೆರಾ ಚಾಲಕರು ಆಕ್ಸಿಲರೇಟರ್ ಮುಟ್ಟಲು ಹೆದರುವ ಜಾಗದಲ್ಲಿ ಇವರು ಪೂರ್ತಿ ಒತ್ತುತ್ತಿದ್ದರು.

ಈಗ ನಿಮ್ಮ ಹೆಸರುಗಳ ಗೊಂದಲಕ್ಕೆ ಬರುತ್ತೇನೆ. ಗ್ರೂಪ್ ಎ ಪ್ರಕಾರ ಮೊದಲು 5000 ಕಾರು ತಯಾರಾಗಬೇಕು. ಆಮೇಲೆ ಸುಧಾರಿಸಿದ ಮಾದರಿ ತರಬೇಕಾದರೆ ಅದನ್ನು 500 ಕಾರಿನಷ್ಟು ಮಾಡಬೇಕು. ಆ ಎರಡನೇ ನಿಯಮದ ಮಗುವೇ 1990ರ ಆರ್32 ನಿಸ್ಮೋ. ನಿಸ್ಮೋ ಅಂದರೆ ನಿಸ್ಸಾನ್‌ನ ರೇಸ್ ವಿಭಾಗ, ಅದರ ಹೆಸರನ್ನೇ ಈ ಮಾದರಿಗೂ ಇಟ್ಟರು. ಒಟ್ಟು 560 ಕಾರು. 500 ಜನರಿಗೆ ಮಾರಿದ್ದು, ಉಳಿದದ್ದು ರೇಸಿಗೆ ಇಟ್ಟುಕೊಂಡಿದ್ದು. ಇದರ ಮುಂದಿನ ಬಂಪರಿನಲ್ಲಿ ಎರಡು ಪುಟ್ಟ ಕಿಂಡಿಗಳಿವೆ. ಸ್ಟೈಲಿಗೆ ಅಲ್ಲ, ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ ಹೆಚ್ಚು ಗಾಳಿ ಹೋಗಲಿ ಅಂತ. ಗ್ರೂಪ್ ಎನಲ್ಲಿ ಬಂಪರ್ ಬದಲಿಸುವ ಹಾಗಿಲ್ಲ, ಹಾಗಾಗಿ ರಸ್ತೆ ಕಾರಿನಲ್ಲೇ ಕಿಂಡಿ ಕೊರೆದರು. ಟರ್ಬೊ ಕಥೆಯೂ ಹೀಗೇ. ಸಾಮಾನ್ಯ ಆರ್32ನ ಟರ್ಬೊದಲ್ಲಿ ಟರ್ಬೈನ್ ಚಕ್ರ ಸೆರಾಮಿಕ್‌ನದು. ಹಗುರ, ಬೇಗ ತಿರುಗುತ್ತದೆ. ಆದರೆ ರೇಸಿನ ಒತ್ತಡಕ್ಕೆ ಒಡೆದು ಪುಡಿಯಾಗುತ್ತದೆ. ನಿಸ್ಮೋದಲ್ಲಿ ಲೋಹದ ಚಕ್ರ ಹಾಕಿದರು. ರಸ್ತೆಯಲ್ಲಿ ಅದು ಸ್ವಲ್ಪ ನಿಧಾನ ಎದ್ದುಕೊಳ್ಳುತ್ತದೆ, ಮಾಲೀಕರಿಗೆ ಅದರಿಂದ ಲಾಭವಿಲ್ಲ. ಎಬಿಎಸ್ ಇಲ್ಲ, ಹಿಂದಿನ ವೈಪರ್ ಕೂಡ ಇಲ್ಲ.

ಎನ್1 ಅಂದರೆ ಹೆಚ್ಚು ಮಾರ್ಪಾಡಿಗೆ ಅವಕಾಶವಿಲ್ಲದ, ರಸ್ತೆ ಕಾರಿಗೆ ತೀರಾ ಹತ್ತಿರವಾದ ಜಪಾನಿನ ರೇಸ್ ವರ್ಗ. ಅಲ್ಲಿ ಮಾರ್ಪಾಡು ಮಾಡುವಂತಿಲ್ಲ ಅಂದಮೇಲೆ ಕಾರ್ಖಾನೆಯಿಂದಲೇ ಗಟ್ಟಿಯಾಗಿ ಬರಬೇಕಲ್ವಾ? ಎಸಿ, ಸ್ಟೀರಿಯೋ ತೆಗೆದು, ಇಂಜಿನ್ ಬಲಪಡಿಸಿ ಮಾರಿದ್ದೇ ಎನ್1 ಮಾದರಿ. ಅಂದರೆ ನಿಸ್ಮೋ ಮತ್ತು ಎನ್1 ಎರಡೂ ನೇರವಾಗಿ ರೇಸಿಗೆ ಹುಟ್ಟಿದವು. ವಿ-ಸ್ಪೆಕ್ ಹಾಗಲ್ಲ. 1993ರಲ್ಲಿ ರೇಸಿನ ಗೆಲುವುಗಳ ನೆನಪಿಗೆ ಅಂತ ಬಂದ ರಸ್ತೆ ಕಾರು ಅದು. ದೊಡ್ಡ ಬ್ರೆಂಬೊ ಬ್ರೇಕ್, 17 ಇಂಚಿನ ಚಕ್ರ. ಓಡಿಸಲು ಒಳ್ಳೆಯ ಕಾರು, ಆದರೆ ರೇಸ್ ಮಾದರಿ ಅಂತ ಹೇಳಿ ಯಾರಾದರೂ ಜಾಸ್ತಿ ಬೆಲೆ ಹೇಳಿದರೆ ನಂಬಬೇಡಿ.

ರೇಸಿನ ಫಲಿತಾಂಶ? ಜಪಾನಿನ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್‌ನಲ್ಲಿ 1990ರ ಮಾರ್ಚ್‌ನಲ್ಲಿ ಮೊದಲ ರೇಸ್. ಕಝುಯೋಶಿ ಹೊಶಿನೊ ಮತ್ತು ತೊಶಿಯೊ ಸುಜುಕಿ ಅವರ ಕಾಲ್ಸೊನಿಕ್ ಕಂಪನಿ ಪ್ರಾಯೋಜಿಸಿದ ನೀಲಿ ಕಾರು ಮೊದಲು, ಹಸೆಮಿ ಅವರ ಕಾರು ಎರಡನೆಯದು. ಅಲ್ಲಿಂದ 1993ರಲ್ಲಿ ಆ ಚಾಂಪಿಯನ್‌ಶಿಪ್ ಮುಗಿಯುವವರೆಗೆ 29 ರೇಸ್, 29 ಗೆಲುವು. ಒಂದೂ ಬಿಡಲಿಲ್ಲ. ಕೊನೆಗೆ ಮೇಲಿನ ವರ್ಗದಲ್ಲಿ ಜಿಟಿ-ಆರ್ ಬಿಟ್ಟರೆ ಬೇರೆ ಯಾರೂ ಬರುತ್ತಲೇ ಇರಲಿಲ್ಲ. ಹೊರದೇಶದಲ್ಲಿ 1990ರಲ್ಲಿ ಮಕಾವ್‌ನ ಗುಯಾ ರೇಸ್, 1991ರಲ್ಲಿ ಬೆಲ್ಜಿಯಂನ ಸ್ಪಾ 24 ಗಂಟೆ ರೇಸ್ ಕೂಡ ಇದರ ಪಾಲು.

ಆಸ್ಟ್ರೇಲಿಯಾದ ಕಥೆ ಬೇರೆಯೇ. ಅಲ್ಲಿನವರಿಗೆ ರೇಸ್ ಅಂದರೆ ಹೋಲ್ಡನ್ ಮತ್ತು ಫೋರ್ಡ್. ಫ್ರೆಡ್ ಗಿಬ್ಸನ್ ತಂಡದ ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್ 1991ರಲ್ಲಿ ಬಾಥರ್ಸ್ಟ್ 1000 ಗೆದ್ದಾಗ ಜನರಿಗೆ ಹೊಟ್ಟೆ ಉರಿಯಿತು. ಗಾಡ್ಜಿಲ್ಲಾ ಅನ್ನುವ ಅಡ್ಡಹೆಸರು ಅಲ್ಲಿನ ವೀಲ್ಸ್ ಪತ್ರಿಕೆಯ ಕೊಡುಗೆ. ಕಾರಿಗೆ ಹೆಚ್ಚುವರಿ ತೂಕ ಹೇರಿದರು, ಟರ್ಬೊ ಒತ್ತಡ ಮಿತಿ ಮೀರದಂತೆ ವಾಲ್ವ್ ಹಾಕಿಸಿದರು. 1992ರಲ್ಲಿ ಬಾಥರ್ಸ್ಟ್ ಬೆಟ್ಟದ ಮೇಲೆ ಧಾರಾಕಾರ ಮಳೆ. ಮುಂದಿದ್ದ ರಿಚರ್ಡ್ಸ್ ಕೂಡ ಅಪಘಾತ ಮಾಡಿಕೊಂಡರು, ದಾರಿಯೆಲ್ಲ ಜಖಂ ಆದ ಕಾರುಗಳು. ಕೆಂಪು ಬಾವುಟ ತೋರಿಸಿ ರೇಸ್ ನಿಲ್ಲಿಸಿದರು. ನಿಯಮದ ಪ್ರಕಾರ ಹಿಂದಿನ ಪೂರ್ತಿಯಾದ ಸುತ್ತಿನ ಸ್ಥಾನ ನೋಡಬೇಕು. ಆ ಸುತ್ತಿನಲ್ಲಿ ಮುಂದಿದ್ದದ್ದು ಜಿಟಿ-ಆರ್. ಮುರಿದು ನಿಂತ ಕಾರಿಗೆ ಪ್ರಶಸ್ತಿ ಅಂತ ಜನ ಛೀ ಥೂ ಅಂದರು.

ಅದೇ ರೇಸಿನಲ್ಲಿ 1967ರ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಡೆನ್ನಿ ಹ್ಯೂಮ್ ಬಿಎಂಡಬ್ಲ್ಯು ಓಡಿಸುತ್ತಿರುವಾಗಲೇ ಹೃದಯಾಘಾತದಿಂದ ತೀರಿಕೊಂಡಿದ್ದರು. ರಿಚರ್ಡ್ಸ್‌ಗೆ ಅವರು ಗೆಳೆಯ, ಇಬ್ಬರೂ ನ್ಯೂಜಿಲೆಂಡ್‌ನವರು. ಆ ನೋವಿನಲ್ಲಿ ವೇದಿಕೆ ಹತ್ತಿದ ರಿಚರ್ಡ್ಸ್, ಕೂಗುತ್ತಿದ್ದ ಜನರನ್ನು ಮೈಕಿನಲ್ಲೇ ಕೆಟ್ಟದಾಗಿ ಬೈದರು. ಸೌಮ್ಯ ಸ್ವಭಾವದ ಆ ಮನುಷ್ಯ ಹಾಗೆ ಸಿಡಿದದ್ದನ್ನು ನೋಡಿದರೆ ಇವತ್ತಿಗೂ ಅಯ್ಯೋ ಅನ್ನಿಸುತ್ತದೆ. ಮುಂದಿನ ವರ್ಷದಿಂದ ಅಲ್ಲಿ 5 ಲೀಟರ್ ವಿ8 ಕಾರುಗಳ ನಿಯಮ ಬಂತು, ಜಿಟಿ-ಆರ್‌ಗೆ ಜಾಗವೇ ಉಳಿಯಲಿಲ್ಲ. ನಿಯಮ ಓದಿ ಕಟ್ಟಿದ ಕಾರನ್ನು ಟ್ರ್ಯಾಕ್‌ನಲ್ಲಿ ಸೋಲಿಸಲಾಗದೆ ನಿಯಮ ಬದಲಿಸಿಯೇ ಹೊರಗೆ ಹಾಕಬೇಕಾಯಿತು.

1995ರ ಜನವರಿಯಲ್ಲಿ ಬಂದ ಆರ್33 ಸ್ವಲ್ಪ ದೊಡ್ಡದು, ತೂಕ ಜಾಸ್ತಿ. ಅದಕ್ಕೇ ಅನೇಕರು ಮೂಗು ಮುರಿಯುತ್ತಾರೆ. ಇದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಜರ್ಮನಿಯ ನುರ್ಬರ್ಗ್‌ರಿಂಗ್‌ನಲ್ಲಿ ಇದರ ಪರೀಕ್ಷಾ ಕಾರು 7 ನಿಮಿಷ 59 ಸೆಕೆಂಡಿನಲ್ಲಿ ಸುತ್ತು ಮುಗಿಸಿತು, ಆರ್32ಗಿಂತ 21 ಸೆಕೆಂಡ್ ಬೇಗ. ಇದರ ರೇಸ್ ರೂಪವೇ ನೀವು ಕೇಳಿದ ಎಲ್‌ಎಂ, ಅಂದರೆ ಲೆ ಮಾನ್ 24 ಗಂಟೆ ರೇಸಿಗೆ ಮಾಡಿದ್ದು. ಆ ವರ್ಗಕ್ಕೆ ರಸ್ತೆ ಕಾರು ಒಂದು ಇದ್ದರೂ ಸಾಕಿತ್ತು. ನಿಸ್ಮೋ ಒಂದೇ ಒಂದು ಕಟ್ಟಿ, ಇಂಗ್ಲೆಂಡಿನಲ್ಲಿ ನೋಂದಣಿ ಮಾಡಿಸಿತು. ತೂಕ ಉಳಿಸಲು ಮುಂದಿನ ಚಕ್ರಕ್ಕೆ ಹೋಗುವ ಶಕ್ತಿಯನ್ನು ಕಿತ್ತುಹಾಕಿದರು. 1995ರಲ್ಲಿ ಒಂದು ಕಾರು ಹತ್ತನೆಯ ಸ್ಥಾನ ಪಡೆಯಿತು. ಆ ವರ್ಷ ಗೆದ್ದದ್ದು ಮೆಕ್‌ಲಾರೆನ್ ಎಫ್1 ಜಿಟಿಆರ್. ಮೂಲದಲ್ಲಿ ನಾಲ್ಕು ಜನ ಕೂರುವ ಕಾರೊಂದು ಅಂಥವುಗಳ ನಡುವೆ ಹತ್ತನೆಯದಾಗಿ ಬಂದದ್ದು ಸಣ್ಣ ಸಾಧನೆ ಅಲ್ಲ. 400ಆರ್ ಅನ್ನುವುದನ್ನೂ ಕೇಳಿರಬಹುದು. ಅದು 2.8 ಲೀಟರ್, 400 ಅಶ್ವಶಕ್ತಿಯ ರಸ್ತೆ ಕಾರು, 44 ಮಾತ್ರ ಇವೆ.

1999ರ ಆರ್34 ಎಲ್ಲರಿಗೂ ಇಷ್ಟ, ನೋಡಲು ಇದಕ್ಕಿಂತ ಚೆಂದದ ಜಿಟಿ-ಆರ್ ಇಲ್ಲ. ಆದರೆ ರೇಸಿನ ಮಟ್ಟಿಗೆ ಒಂದು ಮಾತು ನೇರವಾಗಿ ಹೇಳಬೇಕು. ಜಪಾನಿನ ಜಿಟಿ ಚಾಂಪಿಯನ್‌ಶಿಪ್‌ನಲ್ಲಿ ಓಡಿದ ಆರ್34 ಹೊರಗಿನಿಂದ ಮಾತ್ರ ಆರ್34. ಒಳಗೆ ಹಿಂದಿನ ಚಕ್ರದ ಕಾರು. ಎರಿಕ್ ಕೊಮಾಸ್ 1999ರಲ್ಲಿ ಚಾಂಪಿಯನ್ ಆದಾಗ ಆರ್‌ಬಿ26 ಇಂಜಿನ್ ಆದರೂ ಇತ್ತು. 2002ರಲ್ಲಿ ಭಾರದ ಕಬ್ಬಿಣದ ಇಂಜಿನ್ ತೆಗೆದು 3 ಲೀಟರ್ ವಿ6 ಹಾಕಿದರು. 2003ರಲ್ಲಿ ಸತೊಶಿ ಮೊತೊಯಾಮಾ ಮತ್ತು ಮೈಕಲ್ ಕ್ರುಮ್ ಚಾಂಪಿಯನ್ ಆದ ಕಾರಿಗೂ ಶೋರೂಮಿನ ಆರ್34ಗೂ ಸಂಬಂಧ ತೀರಾ ತೆಳು. ಅದು ಚಾಲಕರ ತಪ್ಪಲ್ಲ, ಆ ಸರಣಿಯ ನಿಯಮವೇ ಹಾಗಿತ್ತು.

2007ರ ಆರ್35ನಿಂದ ಸ್ಕೈಲೈನ್ ಹೆಸರನ್ನೇ ಕೈಬಿಟ್ಟರು. 3.8 ಲೀಟರ್ ವಿ6, 480 ಅಶ್ವಶಕ್ತಿ, ಕಝುತೊಶಿ ಮಿಜುನೊ ಅವರ ಕೂಸು. ಇದರ ರೇಸ್ ರೂಪಗಳೂ ಗೆದ್ದಿವೆ. 2008ರಲ್ಲಿ ಮೊದಲ ವರ್ಷವೇ ಜಪಾನಿನ ಸೂಪರ್ ಜಿಟಿ ಸರಣಿಯ ಚಾಂಪಿಯನ್, 2011ರಲ್ಲಿ ಎಫ್‌ಐಎ ಜಿಟಿ1 ವಿಶ್ವ ಚಾಂಪಿಯನ್. ಎರಡರಲ್ಲೂ ಇದ್ದದ್ದು ಬೇರೆ ವಿ8 ಇಂಜಿನ್. ಮೂಲ ಕಾರಿಗೆ ಹತ್ತಿರ ಇರುವುದು ಜಿಟಿ3 ಮಾದರಿ, ಅದರಲ್ಲಿ ಅದೇ 3.8 ಲೀಟರ್ ಇಂಜಿನ್ ಇದೆ, ನಾಲ್ಕು ಚಕ್ರದ ವ್ಯವಸ್ಥೆ ಇಲ್ಲ. 2015ರಲ್ಲಿ ಅದು ಬಾಥರ್ಸ್ಟ್ 12 ಗಂಟೆ ರೇಸ್ ಗೆದ್ದಿತು. ಕೊನೆಯ ಸುತ್ತುಗಳಲ್ಲಿ ಕತ್ಸುಮಸಾ ಚಿಯೊ ಒಂದೊಂದೇ ಕಾರನ್ನು ಹಿಂದೆ ಹಾಕಿದ ರೀತಿ ನೋಡಲೇಬೇಕಾದದ್ದು.

ತರಿಸಿಕೊಳ್ಳುವ ವಿಷಯ. ಸ್ಕೈಲೈನ್ ಜಿಟಿ-ಆರ್ ನಮ್ಮಲ್ಲಿ ಅಧಿಕೃತವಾಗಿ ಮಾರಾಟವಾಗಲೇ ಇಲ್ಲ. ಬಳಸಿದ ಕಾರನ್ನು ಆಮದು ಮಾಡಬೇಕಾದರೆ ಅದು ತಯಾರಾಗಿ ಮೂರು ವರ್ಷ ದಾಟಿರಬಾರದು ಅನ್ನುವುದು ನಮ್ಮ ಸಾಮಾನ್ಯ ನಿಯಮ. ಸ್ಟಿಯರಿಂಗ್ ಬಲಗಡೆ ಇದ್ದರೂ ಆರ್32, ಆರ್33, ಆರ್34 ಮೂರೂ ಇಲ್ಲೇ ಸಿಕ್ಕಿಬೀಳುತ್ತವೆ. ಇಲ್ಲಿ ಅಂಥದ್ದೊಂದನ್ನು ಯಾರಾದರೂ ಮಾರಲು ಬಂದರೆ, ಮುಂಗಡ ಕೊಡುವ ಮೊದಲು ಕಸ್ಟಮ್ಸ್ ದಾಖಲೆ ಮತ್ತು ಆರ್‌ಸಿ ಎರಡರಲ್ಲೂ ಚಾಸಿ ನಂಬರ್ ಒಂದೇ ಇದೆಯಾ ನೋಡಿ. ಆರ್32 ಜಿಟಿ-ಆರ್‌ನ ನಂಬರ್ ಬಿಎನ್‌ಆರ್32 ಅಂತ ಶುರುವಾಗುತ್ತದೆ, ಆರ್33ದು ಬಿಸಿಎನ್‌ಆರ್33, ಆರ್34ದು ಬಿಎನ್‌ಆರ್34. ಬೇರೆ ಏನಾದರೂ ಇದ್ದರೆ ಅದು ಸಾಮಾನ್ಯ ಸ್ಕೈಲೈನ್‌ಗೆ ಜಿಟಿ-ಆರ್ ವೇಷ ಹಾಕಿದ್ದು. ಆರ್35 ಮಾತ್ರ 2016ರ ಡಿಸೆಂಬರ್‌ನಿಂದ ಇಲ್ಲೂ ಮಾರಾಟಕ್ಕೆ ಬಂದಿತ್ತು, ಆಗಿನ ಬೆಲೆ 1.99 ಕೋಟಿ ರೂಪಾಯಿ. ಜಪಾನಿನ ತೊಚಿಗಿ ಕಾರ್ಖಾನೆಯಲ್ಲಿ ಅದರ ತಯಾರಿಕೆ 2025ರ ಆಗಸ್ಟ್‌ನಲ್ಲಿ ನಿಂತಿದೆ, ಹಾಗಾಗಿ ಇಲ್ಲಿ ಈಗಾಗಲೇ ನೋಂದಣಿಯಾಗಿರುವ ಒಂದನ್ನು ಹುಡುಕುವುದೇ ನಿಮಗಿರುವ ಸುಲಭದ ದಾರಿ.